ಕೆಂಪು ಬಸ್ ಕೇಕ್ ಮಾಡಲು ಹೋದೆ, ಬಸ್ಸು ಬೆವರಿತು. ಫಾಂಡೆಂಟ್ ಗೊತ್ತಿರುವವರು ಹೇಳಿ

ಶಿರಸಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಮನೆಗೆ ಓಟಿಜಿ (ಸಣ್ಣ ಕರೆಂಟ್ ಓವನ್) ಬಂದು ಮೂರು ವರ್ಷ ಆಯ್ತು. ಸಾದಾ ವೆನಿಲಾ ಕೇಕು, ಬಾಳೆಹಣ್ಣಿನ ಕೇಕು, ಕ್ರೀಮ್ ಹಚ್ಚಿ ಮೇಲೊಂದು ಚೆರ್ರಿ ಇಡುವುದು, ಇಷ್ಟು ಬರುತ್ತದೆ. ಫಾಂಡೆಂಟ್, ಅಂದರೆ ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು, ಮುಟ್ಟಿದ್ದು ಇದೇ ಮೊದಲು.

ಮಗನಿಗೆ ಆಗಸ್ಟ್ 2ಕ್ಕೆ ಐದು ತುಂಬುತ್ತದೆ. ನಮ್ಮ ಮನೆಯವರು ಸಾರಿಗೆ ಬಸ್ಸಿನ ಡ್ರೈವರ್, ಶಿರಸಿ–ಕುಮಟಾ ರೂಟು. ಹಾಗಾಗಿ ಮಗನಿಗೆ ಬೇಕಿರುವುದು ಅಪ್ಪನ ಕೆಂಪು ಬಸ್ಸು. ಕಾರು ಬೇಡ, ಕಾರ್ಟೂನ್ ಬೇಡ. ಮುಂದೆ ‘ಕುಮಟಾ’ ಬೋರ್ಡ್ ಬೇಕು. ಕೆಎ-31 ಅಂತ ನಂಬರ್ ಪ್ಲೇಟ್ ಬೇಕು. ಚಕ್ರ ಆರು ಬೇಕು. “ಹಿಂದೆ ಜೋಡಿ ಚಕ್ರ ಅಮ್ಮಾ, ಮರೀಬೇಡ” ಅಂತ ದಿನಕ್ಕೊಮ್ಮೆ ನೆನಪಿಸುತ್ತಾನೆ.

ಹೋದ ಭಾನುವಾರ ಒಂದು ಟ್ರಯಲ್ ಮಾಡಿದೆ. ಏನೇನು ಮಾಡಿದೆ ಅಂತ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ, ಎಲ್ಲಿ ತಪ್ಪಿದೆ ನೀವೇ ಹೇಳಿ.

ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಮೊಸರು, ಎಣ್ಣೆ ಹಾಕಿ ಮೊಟ್ಟೆ ಇಲ್ಲದ ಸ್ಪಂಜ್ ಮಾಡಿದೆ. ಎರಡು ಬ್ರೆಡ್ ಟಿನ್ನಿನಲ್ಲಿ ಬೇಯಿಸಿ ಒಂದರ ಮೇಲೊಂದು ಇಟ್ಟೆ. ನಡುವೆ ಮತ್ತು ಸುತ್ತ ವಿಪ್ಪಿಂಗ್ ಕ್ರೀಮ್. ಆನ್‌ಲೈನ್‌ನಲ್ಲಿ ತರಿಸಿದ 1 ಕೆಜಿ ಬಿಳಿ ಫಾಂಡೆಂಟ್ ಇತ್ತು. ಕೆಂಪು ಬಣ್ಣಕ್ಕೆ ಪೇಟೆಯ ಕಿರಾಣಿ ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದೆ, ನೀರಿನ ಹಾಗಿರುವ ಬಣ್ಣ. ನಾಲ್ಕು ಹನಿ ಹಾಕಿದೆ, ರೋಸ್‌ಮಿಲ್ಕ್ ಬಣ್ಣ ಬಂತು. ಇನ್ನಷ್ಟು ಹಾಕಿದೆ, ಬಬಲ್‌ಗಮ್ ಬಣ್ಣ ಬಂತು. ಸಿಟ್ಟು ಬಂದು ಪೂರ್ತಿ ಬಾಟಲಿ ಸುರಿದೆ. ಆಗಲೂ ಬಸ್ಸಿನ ಕೆಂಪು ಬರಲಿಲ್ಲ. ಉಂಡೆ ಮಾತ್ರ ಹಲಸಿನ ಮೇಣದ ಹಾಗೆ ಕೈಗೆ ಮೆತ್ತಿಕೊಂಡಿತು. ಸೋಮವಾರ ಶಾಲೆಯಲ್ಲಿ ಮಕ್ಕಳು “ಟೀಚರ್, ಮದರಂಗಿ ಹಾಕಿದ್ರಾ?” ಅಂತ ಕೇಳಿದವು.

ಅಂಟು ಬಿಡಲಿ ಅಂತ ಮೈದಾ ಉದುರಿಸಿ ಚಪಾತಿ ಮಣೆ ಮೇಲೆ ಲಟ್ಟಿಸಿದೆ. ಮಣೆ ಸಣ್ಣದು, ಕೇಕ್ ಪೂರ್ತಿ ಮುಚ್ಚುವಷ್ಟು ದೊಡ್ಡ ಹಾಳೆ ಆಗಲಿಲ್ಲ. ಎಳೆದು ಎಳೆದು ಹೊದಿಸಿದೆ. ನಾಲ್ಕೂ ಮೂಲೆಯಲ್ಲಿ ಹರಿಯಿತು. ತೇಪೆ ಹಾಕಿದೆ. ಗಟ್ಟಿಯಾಗಲಿ ಅಂತ ರಾತ್ರಿ ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ತೆಗೆದು ಮೇಜಿನ ಮೇಲಿಟ್ಟು ಚಹಾ ಮಾಡಿ ಬರುವಷ್ಟರಲ್ಲಿ ಮೈತುಂಬ ಹನಿ. ಬಿಳಿ ಕಿಟಕಿಗಳ ಮೇಲೆ ಕೆಂಪು ನೀರು ಇಳಿದಿತ್ತು. ಒಂದು ಬದಿ ಕುಸಿದು, ಬಸ್ಸು ರಸ್ತೆ ಬಿಟ್ಟು ಗಟಾರಕ್ಕೆ ಇಳಿದ ಹಾಗೆ ವಾಲಿತ್ತು. ಮಗ ನೋಡಿ, “ಅಮ್ಮಾ, ಬಸ್ಸಿಗೆ ಬೆವರು ಬಂದಿದೆ” ಅಂದ. ನಮ್ಮ ಮನೆಯವರು ಸುತ್ತ ಒಂದು ಸಲ ನಡೆದು ನೋಡಿ, “ಇದಕ್ಕೆ ಎಫ್‌ಸಿ ಸಿಗೋದಿಲ್ಲ” (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಅಂದು ಡ್ಯೂಟಿಗೆ ಹೋದರು.

ಈಗ 16 ದಿನ ಉಳಿದಿದೆ. ಇಲ್ಲಿ ಮಳೆ ಬಿಟ್ಟೇ ಇಲ್ಲ, ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಈ ಹವೆಯಲ್ಲಿ ಫಾಂಡೆಂಟ್ ಆಗುತ್ತದಾ? ಕೆಂಪು ಬಣ್ಣ ಹೇಗೆ ತರುವುದು? ಅತ್ತೆಗೆ ಇನ್ನೊಂದು ಅನುಮಾನ: ಫಾಂಡೆಂಟ್‌ನಲ್ಲಿ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವುದು) ಇರುತ್ತದಂತೆ, ಹೌದಾ? ಮಕ್ಕಳು ಸುಮಾರು 20 ಬರುತ್ತವೆ. ಬೇಕರಿಗೆ ಆರ್ಡರ್ ಕೊಡಿ ಅನ್ನಬೇಡಿ ದಯವಿಟ್ಟು. ಅಪ್ಪನ ಬಸ್ಸನ್ನು ಅಮ್ಮನೇ ಮಾಡಬೇಕು ಅಂತ ಮಾತಾಗಿದೆ.

ಬಸವನಗುಡಿ ಬೆಣ್ಣೆ:

ಟೀಚರ್, ಓದಿ ಜೋರಾಗಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನನಗೆ ಬಸ್ ಮಾಡಿ ಗೊತ್ತಿಲ್ಲ, ಒಂದೇ ಮಾತು ಹೇಳ್ತೀನಿ. ಆ ಬಾಟಲಿ ಬಣ್ಣ ಇನ್ನು ಮುಟ್ಟಬೇಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಆಹಾರ ಸುರಕ್ಷತೆಯವರು 235 ಕೇಕ್ ಸ್ಯಾಂಪಲ್ ಪರೀಕ್ಷೆ ಮಾಡಿದಾಗ 12ರಲ್ಲಿ ಕೃತಕ ಬಣ್ಣ ಜಾಸ್ತಿ ಸಿಕ್ಕಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಆಗ ಪೇಪರಿನಲ್ಲೆಲ್ಲ ಬಂತು. ಕಸುಬಿನವರ ಕೈಯಲ್ಲೇ ಹೀಗಾಗುವಾಗ, ಮನೆಯಲ್ಲಿ ಸಿಟ್ಟಿನಿಂದ ಸುರಿದದ್ದಕ್ಕೆ ಲೆಕ್ಕ ಇಡುವವರು ಯಾರು? ರೆಡಿಮೇಡ್ ಕೆಂಪು ಫಾಂಡೆಂಟ್ ಸಿಗುತ್ತೆ, ಅದನ್ನೇ ತಗೊಳ್ಳಿ.

ಮತ್ತೆ ರೀಲ್ ನೋಡಿ ಹೋಲಿಸಿಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಕೇಕ್ ಶೋ ಆಗುತ್ತಲ್ಲ, ಆಳೆತ್ತರದ ಅರಮನೆ, ಗೋಪುರ ಎಲ್ಲ ಇಟ್ಟಿರ್ತಾರೆ. ಅದು ಪ್ರದರ್ಶನಕ್ಕೆ ಸಕ್ಕರೆಯಲ್ಲಿ ಕಟ್ಟಿದ್ದು. ನಿಮ್ಮದು 20 ಮಕ್ಕಳು ಹತ್ತು ನಿಮಿಷದಲ್ಲಿ ತಿಂದು ಮುಗಿಸೋ ಬಸ್ಸು.

ಕುಡ್ಲದ ಕೇಕ್ ಅಕ್ಕ:

ಟೀಚರೇ, ನಿಮಗೆ ಮಲೆನಾಡಿನ ಮಳೆ, ನನಗೆ ಮಂಗಳೂರಿನ ಸೆಕೆ. ಫಾಂಡೆಂಟ್‌ಗೆ ಎರಡೂ ಆಗುವುದಿಲ್ಲ. ಹನ್ನೊಂದು ವರ್ಷದಿಂದ ಬಿಜೈಯ ಮನೆಯಲ್ಲಿ ಕೇಕ್ ಮಾಡಿ ಕೊಡುತ್ತಿದ್ದೇನೆ. ಮೊದಲು ನನ್ನ ಮರ್ಯಾದೆ ಹೋದ ಕತೆ ಕೇಳಿ, ನಿಮಗೆ ಸಮಾಧಾನ ಆದೀತು.

ಮೊದಲ ವರ್ಷ ಜೂನ್‌ನಲ್ಲಿ ಒಂದು ಆನೆ ಕೇಕ್ ಒಪ್ಪಿಕೊಂಡೆ. ತಲೆ, ಸೊಂಡಿಲು ಎಲ್ಲ ಬರೀ ಫಾಂಡೆಂಟ್. ಹಿಂದಿನ ರಾತ್ರಿ ಮಾಡಿದ್ದು, ಒಣಗಿರಲಿಲ್ಲ. ಒಳಗೆ ಆಧಾರಕ್ಕೆ ಒಂದು ಕಡ್ಡಿಯೂ ಇಲ್ಲ. ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಸುರತ್ಕಲ್‌ಗೆ ಹೊರಟೆ. ಕೂಳೂರು ಸಂಕದ ಹತ್ತಿರ ಸೊಂಡಿಲು ಮೆಲ್ಲ ಉದ್ದ ಆಗಲಿಕ್ಕೆ ಶುರು. ಪಣಂಬೂರು ಬರುವಾಗ ಕಳಚಿ ಸೀರೆ ಮೇಲೆ ಬಿತ್ತು. ಎಂತ ಮಾಡುವುದು ಮಾರಾಯ್ರೆ, ಉಳಿದ ಮೂಗಿಗೆ ಎರಡು ತೂತು ಒತ್ತಿ ಹಂದಿಮರಿ ಅಂತ ಕೊಟ್ಟು ಬಂದೆ. ಅವರು ಅರ್ಧ ದುಡ್ಡು ಕೊಟ್ಟರು. ಅದೂ ಅವರ ದೊಡ್ಡತನ.

ಈಗ ನಿಮ್ಮ ಬಸ್ಸು. ಬೆವರಿದ್ದು ಯಾಕೆ? ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಕೂರುತ್ತದಲ್ಲ, ಅದೇ. ತಣ್ಣಗಿನ ಕೇಕಿಗೆ ಮಳೆಗಾಲದ ಹಸಿ ಗಾಳಿ ತಾಗಿತು, ನೀರು ಕೂತಿತು. ಫಾಂಡೆಂಟ್ ಅಂದರೆ ಬಹುಪಾಲು ಸಕ್ಕರೆ, ನೀರು ಸಿಕ್ಕಿದರೆ ಕರಗುತ್ತದೆ. ಒಳಗಿನಿಂದ ವಿಪ್ಪಿಂಗ್ ಕ್ರೀಮ್ ಕೂಡ ನೀರು ಬಿಡುತ್ತಾ ಇತ್ತು. ಎರಡು ಬದಿಯಿಂದ ನೆನೆದರೆ ಬಸ್ಸು ನಿಲ್ಲುವುದು ಹೇಗೆ?

ಹಾಗಾಗಿ ವಿಪ್ಪಿಂಗ್ ಕ್ರೀಮ್ ಬಿಡಿ, ಗನಾಶ್ ಮಾಡಿ, ಅಂದರೆ ಚಾಕೊಲೇಟ್ ಮತ್ತು ಬಿಸಿ ಕ್ರೀಮ್ ಕಲಸಿದ್ದು. 600 ಗ್ರಾಂ ಡಾರ್ಕ್ ಚಾಕೊಲೇಟ್‌ಗೆ 300 ಗ್ರಾಂ ಫ್ರೆಶ್ ಕ್ರೀಮ್. ಎರಡಕ್ಕೆ ಒಂದು, ಈ ಲೆಕ್ಕ ಮರೆಯಬೇಡಿ. ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು, ಆದರೆ ನಿಮಗೆ ಡಾರ್ಕೇ ಸಾಕು, ಗಟ್ಟಿ ನಿಲ್ಲುತ್ತದೆ. ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಬಿಸಿ ಮಾಡಿ ಸಣ್ಣಗೆ ಹೆಚ್ಚಿದ ಚಾಕೊಲೇಟ್ ಮೇಲೆ ಸುರಿಯಿರಿ. ಮೂರು ನಿಮಿಷ ಸುಮ್ನೆ ಬಿಡಿ, ಆಮೇಲೆ ಕಲಸಿ. ಮುಚ್ಚಿ ಒಂದು ರಾತ್ರಿ ಇಟ್ಟರೆ ಬೆಣ್ಣೆಯ ಹದಕ್ಕೆ ಬರುತ್ತದೆ.

ಕೇಕಿಗೆ ಎರಡು ಬ್ರೆಡ್ ಟಿನ್ ಬೇಡ, ಅದರ ಬದಿ ಓರೆ ಇರುತ್ತದೆ. 10×8 ಇಂಚಿನ ಟ್ರೇಯಲ್ಲಿ ಬೇಯಿಸಿ ನಡುವೆ ಉದ್ದಕ್ಕೆ ಕತ್ತರಿಸಿ. 10×4ರ ಎರಡು ತುಂಡು ಸಿಗುತ್ತದೆ. ಒಂದರ ಮೇಲೊಂದು ಇಟ್ಟರೆ ಬಸ್ಸು. ಎತ್ತರ 4 ಇಂಚು ಬಂದರೆ 1×2 ಇಂಚಿನ 20 ತುಂಡು ಸರಿಯಾಗಿ ಬರುತ್ತದೆ. ಮೊಸರು-ಎಣ್ಣೆ ಸ್ಪಂಜ್ ಮೆತ್ತಗೆ, ತಿನ್ನಲು ಒಳ್ಳೆಯದು, ಭಾರ ಹೊರುವುದಿಲ್ಲ. ಕಂಡೆನ್ಸ್ಡ್ ಮಿಲ್ಕ್ ಮತ್ತು ಬೆಣ್ಣೆ ಹಾಕಿದ್ದು ಮಾಡಿ. ತಣ್ಣಗಾದ ಮೇಲೆ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಚಾಕುವಿಗೆ ನೇರ ಸಿಗುತ್ತದೆ. ಫ್ರಿಜ್ ಬೇಕಾದದ್ದು ಇಲ್ಲಿ. ಫಾಂಡೆಂಟ್ ಹೊದಿಸಿದ ಮೇಲೆ ಅಲ್ಲ.

ಇನ್ನು ಹೊದಿಸುವುದು. ಇಲ್ಲೇ ಎಲ್ಲರೂ ಸೋಲುವುದು. ರೀಲ್‌ನಲ್ಲಿ ಕಂಬಳಿ ಹೊದಿಸಿದ ಹಾಗೆ ಒಂದೇ ಹಾಳೆ ಹಾಕುತ್ತಾರೆ ನೋಡಿ, ಅದು ಗುಂಡು ಕೇಕಿಗೆ ಸರಿ. ಮೂಲೆ ಇರುವ ಡಬ್ಬಿಗೆ ಹಾಗೆ ಹಾಕಿದರೆ ಮೂಲೆಯಲ್ಲಿ ಒಂದೋ ಹರಿಯುತ್ತದೆ, ಇಲ್ಲ ನೆರಿಗೆ ಬೀಳುತ್ತದೆ. ಹಾಗೆ ಹೊದಿಸಲು 1 ಕೆಜಿ ಫಾಂಡೆಂಟ್ ಬೇಕು, ದೊಡ್ಡ ಕಟ್ಟೆ ಬೇಕು. ನೀವು ಬಿಡಿ ಬಿಡಿಯಾಗಿ ಹಾಕಿ: ಎರಡು ಬದಿ, ಮುಂದೆ, ಹಿಂದೆ, ಮಾಡು (ಚಾವಣಿ). ಐದು ತುಂಡು. ದೊಡ್ಡ ತುಂಡು ಅಂದರೆ 10×4, ನಿಮ್ಮ ಚಪಾತಿ ಮಣೆ ಸಾಕಾಗುತ್ತದೆ. ಹಿಟ್ಟೂ 600 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಜೋಡಣೆ ಕಾಣುತ್ತದಲ್ಲ ಅಂತ ಕೇಳ್ತೀರಿ. ಕಾಣಲಿ. ನಿಮ್ಮ ಯಜಮಾನರ ಬಸ್ಸಿಗೂ ತಗಡಿನ ಜೋಡಣೆ ಇದೆ ಅಲ್ವಾ? ಮಾಡನ್ನು ಬಿಳಿ ಮಾಡಿ ಅಂಚು ಸ್ವಲ್ಪ ಕೆಳಗೆ ಇಳಿಸಿದರೆ ಮೇಲಿನ ಜೋಡಣೆ ಮುಚ್ಚಿತು. ಮೂಲೆಗೆ ತೆಳು ಬಿಳಿ ಪಟ್ಟಿ ಅಂಟಿಸಿ, ಮುಗಿಯಿತು.

ಗನಾಶ್ ಹಚ್ಚಿ, ಸ್ಟೀಲ್ ಸ್ಕೇಲಿನಲ್ಲಿ ಎಳೆದು ನೇರ ಮಾಡಿ, ಅದು ಗಟ್ಟಿಯಾದ ಮೇಲೆ ಕಾಗದ ಹಿಡಿದು ಅಳತೆ ಕತ್ತರಿಸಿ. ಮೊದಲೇ ಅಳೆಯಬೇಡಿ. ಫಾಂಡೆಂಟ್ ಚೆನ್ನಾಗಿ ನಾದಿ, ಕಿವಿಯ ಹಾಲೆಯಷ್ಟು ಮೆದು ಆಗಬೇಕು. ಶಾಲೆಯಲ್ಲಿ ಮರದ ಸ್ಕೇಲ್ ಇರುತ್ತದಲ್ಲ, ಎರಡು ತನ್ನಿ. ಉಂಡೆಯ ಆಚೆ ಈಚೆ ಇಟ್ಟು ಅದರ ಮೇಲೆ ಲಟ್ಟಣಿಗೆ ಓಡಿಸಿ. ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ, 3–4 ಮಿಲಿಮೀಟರ್. ಇದಕ್ಕಿಂತ ತೆಳುವಾದರೆ ಹರಿಯುವುದು. ಮೈದಾ ಬೇಡವೇ ಬೇಡ. ಬಿಳಿಗೆ ಕಾರ್ನ್‌ಫ್ಲೋರ್ ಚಿಟಿಕೆ. ಕೆಂಪಿಗೆ ಅದೂ ಬೇಡ, ಬಿಳಿ ಕಲೆ ಉಳಿಯುತ್ತದೆ. ಮಣೆಗೆ ಸ್ವಲ್ಪ ಡಾಲ್ಡಾ ಸವರಿ. ಕಾಗದ ಇಟ್ಟು ಪಿಜ್ಜಾ ಕಟ್ಟರ್‌ನಲ್ಲಿ ಕತ್ತರಿಸಿ, ಕಾಲು ಗಂಟೆ ಹಾಗೇ ಬಿಡಿ. ಬಿಗಿ ಬಂದ ಮೇಲೆ ಎತ್ತಿದರೆ ಎಳೆದುಕೊಂಡು ಉದ್ದ ಆಗುವುದಿಲ್ಲ. ಗನಾಶ್ ಮೇಲೆ ಒದ್ದೆ ಬ್ರಷ್ ಒಂದೇ ಸಲ ಎಳೆದು ಅಂಟಿಸಿ. ನೀರು ಹರಿಯಬಾರದು, ಮಿನುಗಿದರೆ ಸಾಕು.

ಕೆಂಪು ರೆಡಿಮೇಡ್ ತಗೊಳ್ಳಿ ಅಂತ ಮೇಲಿನವರು ಹೇಳಿದ್ದು ಸರಿ. ಕಪ್ಪೂ ಹಾಗೆಯೇ. ಗಾಢ ಬಣ್ಣ ಮನೆಯಲ್ಲಿ ಕಲಸಿದರೆ ಹಿಟ್ಟು ಸಡಿಲ, ರುಚಿ ಕಹಿ. ಬೇರೆ ತಿಳಿ ಬಣ್ಣ ಬೇಕಿದ್ದರೆ ಜೆಲ್ ಬಣ್ಣ, ಟೂತ್‌ಪಿಕ್ ತುದಿಯಲ್ಲಿ ಮುಟ್ಟಿಸಿ, ರಾತ್ರಿ ಬಿಡಿ, ಬೆಳಿಗ್ಗೆ ಇನ್ನೂ ಗಾಢ ಆಗಿರುತ್ತದೆ. ಕೆಂಪಿನ ಮೇಲೆ ಬಿಳಿ ಕಿಟಕಿ ಹಿಂದಿನ ದಿನ ಅಂಟಿಸಬೇಡಿ. ಪಾರ್ಟಿ ದಿನ ಬೆಳಿಗ್ಗೆ ಅಂಟಿಸಿ. ಹಸಿ ಹವೆಯಲ್ಲಿ ರಾತ್ರಿಯಿಡೀ ಒಂದಕ್ಕೊಂದು ತಾಗಿದ್ದರೆ ಬಣ್ಣ ಬಿಡುತ್ತದೆ.

ಜೆಲಾಟಿನ್ ವಿಷಯ ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ಕೆಲವದರಲ್ಲಿ ಇರುತ್ತದೆ, ಮಾರ್ಷ್‌ಮೆಲೋ ಕರಗಿಸಿ ಮನೆಯಲ್ಲಿ ಮಾಡುವುದರಲ್ಲೂ ಸಾಮಾನ್ಯವಾಗಿ ಇರುತ್ತದೆ. ಇಲ್ಲದ್ದೂ ಬೇಕಾದಷ್ಟು ಸಿಗುತ್ತದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತಗೊಳ್ಳಿ, ಅವರಿಗೂ ತೋರಿಸಿ.

ಶಿರಸಿ ಟೀಚರ್:

ಅಕ್ಕಾ, ಹಂದಿಮರಿ ಕತೆ ಸ್ಟಾಫ್‌ರೂಮಿನಲ್ಲಿ ಓದಿ ಹೇಳಿದೆ, ಹೆಡ್‌ಮಾಸ್ಟರ್ ಕೂಡ ನಕ್ಕರು. ಕೆಂಪು, ಕಪ್ಪು ಎರಡೂ ಆರ್ಡರ್ ಮಾಡಿದೆ, ಹಸಿರು ಚುಕ್ಕೆ ನೋಡಿಯೇ. ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದರು.

ಇನ್ನೂ ಮೂರು ಕೇಳುವುದಿದೆ. ಚಕ್ರ, ಕನ್ನಡಿ, ವೈಪರ್ ಈ ಮಳೆಯಲ್ಲಿ ಒಣಗಿಸುವುದು ಹೇಗೆ? ಕನ್ನಡ ಅಕ್ಷರದ ಕಟ್ಟರ್ ಎಲ್ಲೂ ಸಿಗಲಿಲ್ಲ, ಇರುವುದೆಲ್ಲ ಇಂಗ್ಲಿಷ್. ‘ಕುಮಟಾ’ ಹೇಗೆ ಬರೆಯಲಿ? ಮತ್ತೆ ಬಸ್ಸು ಚಕ್ರದ ಮೇಲೆ ನಿಲ್ಲುತ್ತದಾ? ನನಗೆ ಈಗಲೇ ಭಯ.

ಕಲಬುರಗಿ ಬಿಸಿಲು:

ಅಕ್ಕಾರ, ನಮಸ್ಕಾರ್ರೀ. ನಮ್ಮ ಕಡೆ ನಿಮ್ಮದಕ್ಕೆ ಪೂರ್ತಿ ಉಲ್ಟಾ ನೋಡ್ರಿ. ಮೇ ತಿಂಗಳಲ್ಲಿ ಫಾಂಡೆಂಟ್ ಪ್ಯಾಕೆಟ್‌ನಿಂದ ತೆಗೆದು ಫೋನ್ ಬಂತೂಂತ ಹೋದ್ರ ಮುಗೀತು, ಬರೋದ್ರೊಳಗ ಮೇಲೆ ಸಿಪ್ಪೆ ಕಟ್ಟಿರ್ತದ. ಹಾಗೇ ಲಟ್ಟಿಸಿದರೆ ಆನೆ ಚರ್ಮದಂಗ ಸುಕ್ಕು. ನಾವು ನಾಲ್ಕು ಹನಿ ಗ್ಲಿಸರಿನ್ ಹಾಕಿ ನಾದುತ್ತೇವೆ, ಒದ್ದೆ ಬಟ್ಟೆ ಮುಚ್ಚಿ ಇಡುತ್ತೇವೆ. ನೀವು ಇವೆರಡೂ ಮಾಡಬ್ಯಾಡ್ರಿ. ಯೂಟ್ಯೂಬ್‌ನಲ್ಲಿ ‘ಮೆತ್ತಗಾಗಲು ಗ್ಲಿಸರಿನ್ ಹಾಕಿ’ ಅಂತ ಹೇಳೋದು ನಮ್ಮಂಥವರಿಗೆ. ಶಿರಸಿ ಮಳೆಯಲ್ಲಿ ಗ್ಲಿಸರಿನ್ ಹಾಕಿದ್ರ ಬಸ್ಸು ಮತ್ತ ಗಟಾರಕ್ಕ ಇಳೀತದ.

ಚಕ್ರಕ್ಕ ಫಾಂಡೆಂಟ್ ಯಾಕ್ರಿ, ಚಾಕೊಲೇಟ್ ಕ್ರೀಮ್ ಬಿಸ್ಕೆಟ್ ಅಂಟಿಸ್ರಿ. ಹುಡುಗರು ಮೊದಲು ಅದನ್ನೇ ಕಿತ್ತು ತಿಂತಾರ.

ಕುಡ್ಲದ ಕೇಕ್ ಅಕ್ಕ:

ಬಿಸ್ಕೆಟ್ ಐಡಿಯಾ ಒಳ್ಳೆಯದುಂಟು. ಹಿಂದಿನ ಜೋಡಿ ಚಕ್ರಕ್ಕೆ ಎರಡೆರಡು ಬಿಸ್ಕೆಟ್ ಗನಾಶ್‌ನಲ್ಲಿ ಅಂಟಿಸಿ, ಎರಡು ಬದಿಗೆ ನಾಲ್ಕು. ಮುಂದೆ ಎರಡು. ಮಗನ ಲೆಕ್ಕ ಸರಿ ಆಯಿತು. ಆದರೆ ಪಾರ್ಟಿ ದಿನವೇ ಅಂಟಿಸಿ, ಮಳೆಗಾಲದಲ್ಲಿ ಬಿಸ್ಕೆಟ್ ಒಂದು ರಾತ್ರಿಗೆ ಮೆದು ಆಗುತ್ತದೆ.

ಬಸ್ಸು ಚಕ್ರದ ಮೇಲೆ ನಿಲ್ಲುವುದಿಲ್ಲ ಟೀಚರೇ, ನಿಂತ ಹಾಗೆ ಕಾಣುತ್ತದೆ ಅಷ್ಟೇ. ಕೇಕಿಗಿಂತ ಅರ್ಧ ಇಂಚು ಸಣ್ಣದಾಗಿ ದಪ್ಪ ಕಾರ್ಡ್‌ಬೋರ್ಡ್ ಕತ್ತರಿಸಿ ಫಾಯಿಲ್ ಸುತ್ತಿ, ಕೇಕ್ ಅದರ ಮೇಲಿರಲಿ. ಅದರ ಕೆಳಗೆ ಒಂದು ಇಂಚು ದಪ್ಪದ ಥರ್ಮಾಕೋಲ್, ಅದಕ್ಕೂ ಫಾಯಿಲ್. ಭಾರ ಎಲ್ಲ ಥರ್ಮಾಕೋಲ್ ಹೊರುತ್ತದೆ, ಚಕ್ರ ಬದಿಗೆ ಅಂಟಿರುತ್ತದೆ.

ಕನ್ನಡಿ, ವೈಪರ್, ಬೋರ್ಡಿಗೆ ಮಾತ್ರ ಸಿಎಂಸಿ ಪುಡಿ (ತಿನ್ನಬಹುದಾದ ಅಂಟಿನ ಪುಡಿ) ಬೇಕು. ಕಾಲು ಕೆಜಿ ಫಾಂಡೆಂಟ್‌ಗೆ ಒಂದು ಟೀ ಚಮಚ ಹಾಕಿ ನಾದಿದರೆ ಒಣಗಿ ಗಟ್ಟಿ ಆಗುತ್ತದೆ. ನಿಮಗೆ 50 ಗ್ರಾಂ ಹಿಟ್ಟು ಸಾಕು, ಅಂದರೆ ಪುಡಿ ಎರಡು ಚಿಟಿಕೆ. ಜುಲೈ 27ಕ್ಕೇ ಮಾಡಿಡಿ. ಒಣಗಲು ಬೆಣ್ಣೆ ಕಾಗದದ ಮೇಲಿಟ್ಟು ಫ್ಯಾನ್ ಕೆಳಗೆ, ಬಚ್ಚಲು ಮತ್ತು ಒಲೆಯಿಂದ ದೂರ. ದಿನಕ್ಕೊಮ್ಮೆ ತಿರುಗಿಸಿ. ಕನ್ನಡಿ ಚುಚ್ಚಲು ಕಡ್ಡಿಗೆ ಬದಲು ಒಣ ಶ್ಯಾವಿಗೆ ಚೂರು ಬಳಸಿ. ಮಕ್ಕಳ ಬಾಯಿಗೆ ಹೋದರೂ ಹೆದರಿಕೆ ಇಲ್ಲ. ಅದೇ ಪುಡಿ ಕಾಲು ಚಮಚ, ಎರಡು ದೊಡ್ಡ ಚಮಚ ಬಿಸಿನೀರಿಗೆ ಹಾಕಿ ರಾತ್ರಿ ಬಿಟ್ಟರೆ ಅಂಟು ತಯಾರು. ಕಿಟಕಿ ಅಂಟಿಸಲು ಬರೀ ನೀರಿಗಿಂತ ಇದು ಒಳ್ಳೆಯದು.

ಕನ್ನಡ ಅಕ್ಷರಕ್ಕೆ ಕಟ್ಟರ್ ನಾನೂ ಹುಡುಕಿ ಬಿಟ್ಟಿದ್ದೇನೆ. ಬಿಳಿ ಪಟ್ಟಿ ಎರಡು ದಿನ ಒಣಗಿಸಿ, ತಿನ್ನುವ ಶಾಯಿಯ ಪೆನ್ ಸಿಗುತ್ತದೆ, ಅದರಲ್ಲಿ ಬರೆಯಿರಿ. ಒಣಗದೆ ಬರೆದರೆ ಶಾಯಿ ಹರಡುತ್ತದೆ. ನೀವು ಟೀಚರ್, ಅಕ್ಷರ ದುಂಡಗೆ ಇರುತ್ತದೆ. ನನ್ನದು ಕೋಳಿ ಕೆದಕಿದ ಹಾಗೆ.

2ನೇ ತಾರೀಕು ಭಾನುವಾರ ಅಲ್ವಾ? ಗುರುವಾರ ರಾತ್ರಿ ಗನಾಶ್ ಮಾಡಿಡಿ. ಶುಕ್ರವಾರ ಸಂಜೆ ಕೇಕ್ ಬೇಯಿಸಿ. ಶನಿವಾರ ಶಾಲೆ ಬಿಟ್ಟು ಬಂದು ಗನಾಶ್ ಹಚ್ಚಿ, ರಾತ್ರಿ ಊಟ ಆದ ಮೇಲೆ ಕೆಂಪು. ಭಾನುವಾರ ಬೆಳಿಗ್ಗೆ ಕಿಟಕಿ, ಚಕ್ರ. ಶನಿವಾರ ರಾತ್ರಿ ದೊಡ್ಡ ರಟ್ಟಿನ ಡಬ್ಬಿಯಲ್ಲಿ ಮುಚ್ಚಿ ತಂಪು ಕೋಣೆಯಲ್ಲಿಡಿ. ಫ್ರಿಜ್ ಬಾಗಿಲು ತೆಗೆಯಲಿಕ್ಕಿಲ್ಲ! ಹನಿ ಕೂತರೂ ಒರೆಸಬೇಡಿ, ಫ್ಯಾನ್ ಹಾಕಿ ಬಿಡಿ, ತಾನೇ ಆರುತ್ತದೆ. ಕೈ ತಾಗಿದರೆ ಬೆರಳ ಗುರುತು ಉಳಿಯುತ್ತದೆ.

ಶಿರಸಿ ಟೀಚರ್:

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಬಸ್ಸು ನಿಂತಿತು!

ಪೂರ್ತಿ ಸರಿ ಏನೂ ಆಗಲಿಲ್ಲ ಬಿಡಿ. ಅಕ್ಕ ಅಷ್ಟು ಹೇಳಿದ್ದರೂ ನಾನು ಶುಕ್ರವಾರವೇ ಆಟದ ಪಿರಿಯಡ್‌ನಲ್ಲಿ ಕೂತು ಡ್ರಾಯಿಂಗ್ ಶೀಟಿನಲ್ಲಿ ಅಳತೆ ಕತ್ತರಿಸಿಟ್ಟುಕೊಂಡೆ. ಸಮಯ ಉಳಿಯುತ್ತದೆ ಅಂತ ಜಾಣತನ. ಗನಾಶ್ ಹಚ್ಚಿದ ಮೇಲೆ ಕೇಕ್ ಎಲ್ಲ ಕಡೆ ದಪ್ಪ ಆಯಿತು. ಒಂದು ಬದಿಯ ಕೆಂಪು ಅರ್ಧ ಇಂಚು ಸಾಲಲಿಲ್ಲ. ರಾತ್ರಿ ಹತ್ತೂವರೆಗೆ ಇನ್ನೇನು ಅಳುವುದು ಬಾಕಿ. ಆಗ ನಮ್ಮ ಮನೆಯವರೇ, “ಹಿಂದಗಡೆಗೆ ಬರೋ ಹಂಗೆ ಅಂಟಿಸು, ಅಲ್ಲಿ ಏಣಿ ಇರ್ತದಲ್ಲ” ಅಂದರು. ಹಿಂದಿನ ಮೂಲೆಗೆ ಬಿಳಿ ಪಟ್ಟಿಯಲ್ಲಿ ಏಣಿ ಮಾಡಿ ಅಂಟಿಸಿದೆ. ನೋಡಿದವರಿಗೆಲ್ಲ ಏಣಿಯೇ ಇಷ್ಟವಾಯಿತು.

ಎರಡು ವೈಪರ್‌ನಲ್ಲಿ ಒಂದು ಎತ್ತುವಾಗಲೇ ಮುರಿಯಿತು. ಬಲಗಡೆ ಮಾತ್ರ ಇಟ್ಟೆ, ಡ್ರೈವರ್ ಬದಿಗೆ. ಕೆಂಪು ಬಿಡಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಕಿಟಕಿ ಅಂಟಿಸುವಾಗ ಸ್ವಲ್ಪ ಜಿಗುಟು ಇತ್ತು, ಅರ್ಧ ಗಂಟೆ ಫ್ಯಾನ್ ಹಾಕಿದ ಮೇಲೆ ಸರಿ ಆಯಿತು. ‘ಕುಮಟಾ’ ಬೋರ್ಡ್ ಮೂರು ಸಲ ಬರೆದೆ. ಮೊದಲ ಎರಡನ್ನು ಮಗ ತಿಂದ.

ನಮ್ಮ ಮನೆಯವರು ಯೂನಿಫಾರ್ಮ್ ಅಂಗಿ ಹಾಕಿಕೊಂಡು ಬಂದು, ಚಮಚದಿಂದ ಆರೂ ಚಕ್ರ ತಟ್ಟಿ ನೋಡಿ, “ಹೋಗಬಹುದು” ಅಂದರು. ಕತ್ತರಿಸಲು ಮಾತ್ರ ಮಗ ಬಿಡಲಿಲ್ಲ. ಕೊನೆಗೆ ಹಿಂದಿನ ಸೀಟಿನಿಂದ ಶುರು ಮಾಡುವುದು ಅಂತ ಒಪ್ಪಂದ ಆಯಿತು. 19 ತುಂಡು ಹಂಚಿದೆ. ಡ್ರೈವರ್ ಸೀಟಿನ ತುಂಡು ಅಪ್ಪನಿಗೆ. ಅತ್ತೆ ಫಾಂಡೆಂಟ್ ಸುಲಿದು ತಟ್ಟೆ ಅಂಚಿಗಿಟ್ಟು ಒಳಗಿನ ಕೇಕ್ ಎರಡು ಸಲ ಹಾಕಿಸಿಕೊಂಡರು. “ಮೇಲಿನ ಸಿಪ್ಪೆ ನೋಡಲಿಕ್ಕೆ ಚಂದ” ಅಂದರು. ಮಕ್ಕಳೂ ಹೆಚ್ಚಿನವರು ಹಾಗೇ ಮಾಡಿದವು. ಹಾಗಾಗಿ ಬಣ್ಣದ ಚಿಂತೆ ಅಷ್ಟು ಉಳಿಯಲಿಲ್ಲ.

ಕುಮಟಾ ಬೋರ್ಡನ್ನು ಮಗ ಕಂಪಾಸ್ ಡಬ್ಬಿಯಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದಾನೆ. ಇರುವೆ ಸಾಲು ಬ್ಯಾಗಿನವರೆಗೂ ಬಂದಿದೆ, ತೆಗೆಯಲು ಬಿಡುತ್ತಿಲ್ಲ. ಅಕ್ಕಾ, ಕೆಂಪು, ಬಿಳಿ ಸೇರಿ 300 ಗ್ರಾಂನಷ್ಟು ಉಳಿದಿದೆ. ಹೇಗಿಡಲಿ? ಫ್ರಿಜ್ಜಿಗೆ ಇಡುವಷ್ಟು ಧೈರ್ಯ ಇಲ್ಲ.

ಕುಡ್ಲದ ಕೇಕ್ ಅಕ್ಕ:

ಏಣಿ ಹೇಳಿಕೊಟ್ಟ ನಿಮ್ಮ ಯಜಮಾನರನ್ನು ನನ್ನ ಹತ್ತಿರ ಕೆಲಸಕ್ಕೆ ಕಳಿಸಿ ಮಾರಾಯ್ರೆ.

ಫ್ರಿಜ್ ಬೇಡ. ಎರಡು ಬಣ್ಣ ಬೇರೆ ಬೇರೆ ಮಾಡಿ. ಉಂಡೆಗೆ ಸ್ವಲ್ಪ ಡಾಲ್ಡಾ ಸವರಿ, ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಎರಡು ಸುತ್ತು ಸುತ್ತಿ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಪ್ಯಾಕೆಟ್ ಮೇಲಿನ ತಾರೀಕು ಚೀಟಿಯಲ್ಲಿ ಬರೆದು ಒಳಗಿಡಿ. ಡಬ್ಬಿಯನ್ನು ನೀರು ಹಾಕಿದ ತಟ್ಟೆಯ ನಡುವೆ ಇಡಿ, ಇರುವೆ ದಾಟುವುದಿಲ್ಲ. ಮಗನ ಕಂಪಾಸ್ ಡಬ್ಬಿಗೆ ನನ್ನ ಹತ್ತಿರ ಮದ್ದಿಲ್ಲ.